ಬೆಳಗಿನ ಹೊಗೆ

ತರ್ಕಶಾಸ್ತ್ರದ ಮೊದಲ ಪಾಠದಲ್ಲೇ ಒಂದು ಬೆಟ್ಟ ಬರುತ್ತದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯನ್ನು ಕಂಡ ಶಿಷ್ಯ ಅಲ್ಲಿ ಬೆಂಕಿಯಿರಬೇಕೆಂದು ಊಹಿಸಬೇಕು. ಅಡಿಗೆಮನೆಯ ಒಲೆಯಲ್ಲಿ ಅವೆರಡನ್ನೂ ಜೊತೆಯಾಗಿ ಕಂಡಿದ್ದಾನಲ್ಲವೇ? ಮಧುಗಿರಿಯ ಏಕಶಿಲೆಯ ಬೆಟ್ಟದ ಬುಡದಲ್ಲಿ ಭೌತಶಾಸ್ತ್ರವನ್ನು ಹೇಳಿಕೊಡುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ಪಾಠದಲ್ಲಿ ಎಂದೂ ಸಂದೇಹ ಬಂದಿರಲಿಲ್ಲ. ಸಂದೇಹ ಬಂದದ್ದು ಒಂದು ಪುಷ್ಯಮಾಸದ ಬೆಳಗಿನ ಜಾವ, ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಹಿತ್ತಿಲಿನಲ್ಲಿ, ಹಳೆಯ ಟ್ರ್ಯಾಕ್ಟರೊಂದರ ಮುಂದೆ ನಿಂತಾಗ. ಅದರ ಕೊಳವೆಯಿಂದ ಹಿತ್ತಿಲೆಲ್ಲ ತುಂಬುವಷ್ಟು ಬಿಳಿಯ ಹೊಗೆ ಹೊರಡುತ್ತಿತ್ತು. ಒಳಗೆ ಹೊತ್ತಬೇಕಾದ ಒಂದು ಕಡೆ ಬೆಂಕಿ ಹೊತ್ತಿರಲಿಲ್ಲ. ಬೆಂಕಿಯಿಲ್ಲದ್ದರಿಂದಲೇ ಆ ಹೊಗೆ.

ಸಾಹಿತ್ಯದ ಮಾತು ಕೇಳಲು ಕುಳಿತವರಿಗೆ ಡೀಸೆಲ್ ಎಂಜಿನ್ನಿನ ಹೊಗೆಯ ಮಾತೇ ಎಂದು ತಾವು ಕೇಳಬಹುದು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬದುಕು ಈ ಯಂತ್ರದ ಮೇಲೆ ಎಷ್ಟರಮಟ್ಟಿಗೆ ನಿಂತಿದೆಯೆಂಬುದನ್ನು ಅಲ್ಲಿಯವರೇ ಬಲ್ಲರು. ರೈಲಿನ ಕೂಗು ಕೇಳದೆ ತಲೆಮಾರುಗಳನ್ನು ಕಳೆದ ಈ ತಾಲ್ಲೂಕುಗಳು ರಸ್ತೆಯನ್ನೇ ನಂಬಿ ಬಾಳಿದವು. ಹೊಲದ ಕಡಲೆಕಾಯಿ ಮಂಡಿಗೆ ಹೋಗುವುದಕ್ಕೆ, ಪಾವಗಡದ ಹುಡುಗ ತುಮಕೂರಿನ ಕಾಲೇಜಿಗೆ ಹೋಗುವುದಕ್ಕೆ, ನೋವು ಕಾಣಿಸಿಕೊಂಡ ಬಸುರಿ ಆಸ್ಪತ್ರೆಗೆ ಹೋಗುವುದಕ್ಕೆ, ಎಲ್ಲಕ್ಕೂ ಬೆಳಗಿನ ಹೊತ್ತು ಯಾವುದೋ ಒಂದು ಡೀಸೆಲ್ ಎಂಜಿನ್ನು ಏಳಬೇಕು. ಅದು ಏಳದಿದ್ದರೆ ಒಂದು ದಿನ ಕೆಟ್ಟಿತು. ಬಿತ್ತನೆಯ ಹದದಲ್ಲಿ ಏಳದಿದ್ದರೆ ಒಂದು ವರ್ಷವೇ ಕೆಟ್ಟಿತು.

ಈ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿಗಿರುವಂತೆ ಕಿಡಿಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಗಾಳಿಯನ್ನು ಇಕ್ಕಟ್ಟಿಗೆ ಒತ್ತಿದರೆ ಅದು ಕಾಯುತ್ತದೆ. 1858ರಲ್ಲಿ ಹುಟ್ಟಿದ ರೂಡಾಲ್ಫ್ ಡೀಸೆಲ್ ಈ ಸಾಮಾನ್ಯ ಸಂಗತಿಯನ್ನೇ ಹಿಡಿದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ, ಅದರೊಳಕ್ಕೆ ಚಿಮ್ಮಿದ ಎಣ್ಣೆ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಇಲ್ಲಿ ಬೇಕಾದವು ಎರಡೇ: ಒಳಗೆ ಚೆನ್ನಾಗಿ ಕಾದ ಗಾಳಿ, ಅದರಲ್ಲಿ ಮಂಜಿನಂತೆ ಹರಡುವ ಎಣ್ಣೆ. ಗಾಳಿ ಕಾಯಬೇಕಾದರೆ ಪಿಸ್ಟನ್ನಿನ ರಿಂಗುಗಳೂ ವಾಲ್ವುಗಳೂ ಅದನ್ನು ಸೋರಗೊಡದೆ ಹಿಡಿಯಬೇಕು, ಸ್ಟಾರ್ಟರು ಸಾಕಷ್ಟು ವೇಗವಾಗಿ ತಿರುಗಿಸಬೇಕು. ಎಣ್ಣೆ ಮಂಜಾಗಬೇಕಾದರೆ ನಾಜಲ್ಲಿನ ಸೂಜಿಗಣ್ಣಿನಂಥ ರಂಧ್ರಗಳು ಸರಿಯಿರಬೇಕು. ಇಷ್ಟೂ ಕೆಲಸ ನಡೆಯಬೇಕಾದ ಕಾಲ ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳು.

ಎಣ್ಣೆ ಮಂಜಾಗುವುದೆಂದರೆ ಏನೆಂಬುದಕ್ಕೆ ನಮ್ಮ ಸೀಮೆಯವರಿಗೆ ಹಿಡಿಸುವ ಒಂದು ನಿದರ್ಶನವಿದೆ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಡೀಸೆಲ್ ಮಾದರಿಯ ಒಂದು ಸಣ್ಣ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದರು. ಇದನ್ನು ಡೀಸೆಲ್ಲನೇ ಮುಂದೆ ನೆನೆದು ಬರೆದಿದ್ದಾನೆ. ಕಡಲೆಕಾಯಿಯನ್ನು ಬೆಳೆದೇ ಬಾಳಿದ ಪಾವಗಡ, ಶಿರಾಗಳ ರೈತನಿಗೆ ಇದು ಹೆಮ್ಮೆಯ ಸುದ್ದಿಯಾದೀತು. ಆದರೆ ತಣ್ಣನೆಯ ಬೆಳಗಿನಲ್ಲಿ ಕಡಲೆಕಾಯಿ ಎಣ್ಣೆ ಮಂದವಾಗಿ, ಮಂಜಾಗುವ ಬದಲು ಹನಿಯಾಗುತ್ತದೆ. ಮಂಜು ತಟ್ಟನೆ ಹೊತ್ತುತ್ತದೆ, ಹನಿ ಹೊತ್ತುವುದಿಲ್ಲ. ಡೀಸೆಲ್ ಎಣ್ಣೆಯೇ ಆದರೂ ಸವೆದ ನಾಜಲ್ಲಿನಿಂದ ಹನಿಯಾಗಿ ಬಿದ್ದರೆ ಗತಿ ಅದೇ. ಎಣ್ಣೆಯನ್ನು ಅಳೆದು ಚಿಮ್ಮುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆಯೇ ಈ ಎಂಜಿನ್ನು ಲಾರಿ, ಟ್ರ್ಯಾಕ್ಟರುಗಳಿಗೆ ಚೆನ್ನಾಗಿ ಒಗ್ಗಿತು. ಅದೇ ವಿದ್ಯೆ ನಮ್ಮ ನಾಡಿಗೆ ಬಂದದ್ದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಮೂಲಕ. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು; ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾತ್ರ ಅದು ಮೈಕೋ ಪಂಪಾಗಿಯೇ ಉಳಿಯಿತು.

ಇನ್ನು ಚಳಿಯ ಮಾತು. ಬೆಳಗ್ಗೆ ಎಂಜಿನ್ನು ಹೊಗೆಯುಗುಳಿ ನಡುಗಿದರೆ ನಾವು ಸಾಮಾನ್ಯವಾಗಿ ಹೇಳುವುದು, ‘ಚಳಿಗೆ ಹಾಗೆ’ ಎಂದು. ಈ ಮಾತನ್ನು ನಾನೂ ಹೇಳಿದ್ದೇನೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನಮ್ಮ ಕಡೆ ಧನುರ್ಮಾಸದ ಬೆಳಗಿನಲ್ಲಿ ಗಾಳಿ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ, ಸೋರಿಕೆಯೂ ಲೋಹ ಹೀರುವ ಶಾಖವೂ ಇಲ್ಲವೆಂದುಕೊಂಡರೆ, ಅದು 640 ಡಿಗ್ರಿಯವರೆಗೆ ಕಾಯಬೇಕು. ಬೇಸಿಗೆಯ ಮಧ್ಯಾಹ್ನದ 35 ಡಿಗ್ರಿಯ ಗಾಳಿಯಾದರೆ 700 ಡಿಗ್ರಿ ದಾಟುತ್ತದೆ. ಹೊರಗಿನ 20 ಡಿಗ್ರಿಯ ಅಂತರ ಒಳಗೆ 60 ಡಿಗ್ರಿಯ ಅಂತರವಾಗುತ್ತದೆ, ನಿಜ. ಆದರೆ 640 ಡಿಗ್ರಿಯೂ ಎಣ್ಣೆ ಹೊತ್ತುವುದಕ್ಕೆ ಧಾರಾಳವಾಗಿ ಸಾಕು. ಹಿಮ ಬೀಳುವ ನಾಡಿನಲ್ಲಿ ಚಳಿಯ ಮೇಲೆ ತಪ್ಪು ಹೊರಿಸಬಹುದು. ಮಧುಗಿರಿಯ ಚಳಿ ಅಷ್ಟು ದೊಡ್ಡ ಅಪರಾಧಿಯಲ್ಲ. ಆರೋಗ್ಯವಾದ ಎಂಜಿನ್ನು ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಏಳಬೇಕು; ತುಸು ಹೊಗೆ ಬಿಟ್ಟರೂ ಒಂದೆರಡು ನಿಮಿಷಗಳಲ್ಲಿ ತಿಳಿಯಾಗಬೇಕು. ಏಳದಿದ್ದರೆ ಒಳಗೆ ಮೊದಲೇ ಏನೋ ಸೋರುತ್ತಿದೆ, ಸವೆದಿದೆ. ಅದು ಬಿಸಿಯಲ್ಲಿ ಮುಚ್ಚಿಹೋಗುತ್ತದೆ, ತಂಪಿನಲ್ಲಿ ಬಯಲಾಗುತ್ತದೆ. ಚಳಿ ರೋಗವಲ್ಲ, ರೋಗಕ್ಕೆ ಸಾಕ್ಷಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ತಪ್ಪು ಮಾಡಿ.

ಕೆಲವು ವರ್ಷಗಳ ಹಿಂದೆ, ಜಯಮಂಗಲಿಯ ದಡದಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಹಳೆಯ ಟ್ರ್ಯಾಕ್ಟರು ಕೊಳ್ಳಬೇಕೆಂದು ಹೊರಟ. ಹೆಂಡತಿಯ ಒಡವೆಯನ್ನು ಅಡವಿಟ್ಟು ಹಣ ಹೊಂದಿಸಿದ್ದ. ‘ನೀವೊಂದು ಸಲ ನೋಡಿಬಿಡಿ ಮೇಷ್ಟ್ರೇ, ನನಗೆ ಧೈರ್ಯ’ ಎಂದು ನನ್ನನ್ನೂ ಕರೆದುಕೊಂಡು ಹೋದ. ಮಾರುವವನ ಊರು ಪಾವಗಡ ತಾಲ್ಲೂಕಿನಲ್ಲಿ. ನಾವು ತಲಪಿದಾಗ ಹನ್ನೊಂದು ಗಂಟೆ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ನು ಎದ್ದಿತು. ಹೊಗೆಯಿಲ್ಲ, ನಡುಕವಿಲ್ಲ. ನಾನು ಕೊಳವೆಯ ಕಡೆ ನೋಡಿ, ಕಿವಿಗೊಟ್ಟು ಕೇಳಿ, ಪರೀಕ್ಷಕನ ಗಾಂಭೀರ್ಯದಿಂದ ತಲೆಯಾಡಿಸಿದೆ. ಆ ತಲೆಯಾಟವನ್ನು ನಂಬಿ ಅವನು ಹಣವನ್ನು ಎಣಿಸಿಕೊಟ್ಟ.

ಮರುದಿನ ಬೆಳಗ್ಗೆ ಮೂರ್ನಾಲ್ಕು ಸಲ ಸೆಲ್ಫು ಹೊಡೆದ ಮೇಲೆ ಎಂಜಿನ್ನು ಎದ್ದಿತಂತೆ. ಎದ್ದದ್ದು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತ. ಕಣ್ಣುರಿಯುವಂಥ ಬಿಳಿಯ ಹೊಗೆ ಕಾಲು ಗಂಟೆ ಬಂದು, ಆಮೇಲೆ ಏನೂ ಆಗಿಲ್ಲವೆಂಬಂತೆ ನಿಂತುಹೋಯಿತು. ದಿನವೂ ಇದೇ ಪಾಡು. ಹತ್ತಿರದ ಮೆಕ್ಯಾನಿಕ್ಕೊಬ್ಬ ಬಂದು ನೋಡಿ, ‘ಬೋರು ಹೋಗಿದೆ, ಎಂಜಿನ್ನು ಬಿಚ್ಚಬೇಕು’ ಎಂದು ಟ್ರ್ಯಾಕ್ಟರಿನ ಬೆಲೆಯ ಮೂರನೆಯ ಒಂದು ಪಾಲಿನಷ್ಟು ಖರ್ಚು ಹೇಳಿದ. ಶಿಷ್ಯ ನನ್ನನ್ನು ದೂರಲಿಲ್ಲ. ‘ನೀವೂ ನೋಡಿದ್ರಲ್ಲ ಮೇಷ್ಟ್ರೇ’ ಎಂದಷ್ಟೇ ಅಂದ. ಆ ಮಾತಿನ ಭಾರ ಹೊತ್ತುಕೊಂಡೇ ನಾನು ಶಿರಾಕ್ಕೆ ಹೋದೆ.

ಅಲ್ಲಿ ಒಬ್ಬ ವಯೋವೃದ್ಧರಿದ್ದರು. ಬಸ್ಸುಗಳ ರಿಪೇರಿಯಲ್ಲಿ ಕೂದಲು ನರೆತವರು. ಎಲ್ಲರೂ ಅವರನ್ನು ಸಾಬರು ಎಂದೇ ಕರೆಯುತ್ತಿದ್ದರು. ಬರಲು ಒಪ್ಪಿದರು, ಒಂದು ಕರಾರಿನ ಮೇಲೆ: ಹಿಂದಿನ ಮಧ್ಯಾಹ್ನದಿಂದ ಯಾರೂ ಎಂಜಿನ್ನನ್ನು ಮುಟ್ಟಕೂಡದು. ರಾತ್ರಿಯೇ ಬಂದು ತಂಗಿದರು. ಬೆಳಗಿನ ಐದೂವರೆಗೆ ಎದ್ದು, ಟಾರ್ಚು ಹಿಡಿದು ಟ್ರ್ಯಾಕ್ಟರಿನ ಬಳಿಗೆ ಬಂದವರು ಮಾಡಿದ ಮೊದಲ ಕೆಲಸ ಎಂಜಿನ್ನಿನ ಮೈಮೇಲೆ ಅಂಗೈಯಿಟ್ಟದ್ದು. ವೈದ್ಯನು ಹಣೆ ಮುಟ್ಟಿ ನೋಡುವ ಹಾಗೆ. ‘ತಣ್ಣಗಿದೆ. ಈಗ ಸುಳ್ಳು ಹೇಳೋದಿಲ್ಲ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಕೊಳ್ಳೋ ದಿನ ಮುಟ್ಟಿ ನೋಡಿದ್ರಾ ಮೇಷ್ಟ್ರೇ?’ ಎಂದು ಕೇಳಿದರು. ನಾನು ಮುಟ್ಟಿರಲಿಲ್ಲ. ಮುಟ್ಟಿದ್ದರೆ, ನಾವು ಬರುವ ಮೊದಲೇ ಯಾರೋ ಅದನ್ನು ಓಡಿಸಿ ಬಿಸಿಮಾಡಿಟ್ಟಿದ್ದರೆಂಬುದು ಅಂಗೈಗೆ ಗೊತ್ತಾಗುತ್ತಿತ್ತು.

ಮುಂದೆ ನಡೆದದ್ದು ನಾನು ಕಂಡ ಅತ್ಯುತ್ತಮ ಪ್ರಯೋಗಪಾಠ. ಅವರು ಖರ್ಚಿಲ್ಲದ ಪರೀಕ್ಷೆಯಿಂದ ತೊಡಗಿ ಖರ್ಚಿನದಕ್ಕೆ ಹೋದರೇ ಹೊರತು, ಒಂದು ಸಲವೂ ಆ ಕ್ರಮವನ್ನು ತಪ್ಪಿಸಲಿಲ್ಲ. ಮೊದಲು ಬ್ಯಾಟರಿಯ ತಲೆಗಳನ್ನು ನೋಡಿದರು. ಉಪ್ಪುಗಟ್ಟಿದ್ದರೆ ಸ್ಟಾರ್ಟರು ನಿಧಾನವಾಗಿ ತಿರುಗುತ್ತದೆ, ನಿಧಾನವಾಗಿ ತಿರುಗಿದರೆ ಗಾಳಿ ಕಾಯುವ ಮೊದಲೇ ಸೋರಿಹೋಗುತ್ತದೆ. ಉಪ್ಪಿರಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದರು, ನೀರು ತುಂಬಿತ್ತು. ಆಯಿಲ್ ಕಡ್ಡಿಯನ್ನು ಎಳೆದು ಬೆರಳಿಗೆ ಸವರಿ ಮೂಸಿದರು. ನೀರು ಬೆರೆತಿದ್ದರೆ ಹಾಲು ಹಾಕಿದ ಚಹದ ಬಣ್ಣ ಬರುತ್ತಿತ್ತು. ಅದಿರಲಿಲ್ಲ. ಆದರೆ ಆಯಿಲ್ ಅಳತೆಗಿಂತ ತುಸು ಮೇಲಿತ್ತು, ಡೀಸೆಲ್ಲಿನ ವಾಸನೆಯಿತ್ತು. ಇದನ್ನು ಅವರು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿಟ್ಟುಕೊಂಡರು. ಕೈಪಂಪನ್ನು ಒತ್ತಿ ನೋಡಿದರು. ರಾತ್ರಿಯಲ್ಲಿ ಎಣ್ಣೆ ಟ್ಯಾಂಕಿಗೆ ಜಾರಿ ಕೊಳವೆಯಲ್ಲಿ ಗಾಳಿ ಹಿಡಿದಿದ್ದರೆ ಅದು ಪೊಳ್ಳಾಗಿ ಒತ್ತುತ್ತಿತ್ತು. ಕೂಡಲೇ ಗಟ್ಟಿಯಾಗಿ ನಿಂತಿತು.

ಆಮೇಲೆ ಎಣ್ಣೆ ಹರಿಯದಂತೆ ಸ್ಟಾಪ್ ಗುಬುಟನ್ನು ಎಳೆದು ಹಿಡಿಸಿ, ಸೆಲ್ಫು ಹೊಡೆಯಲು ಹೇಳಿ, ಕಣ್ಣುಮುಚ್ಚಿ ಕೇಳಿದರು. ಎಂಜಿನ್ನು ಹೊತ್ತದೆ ಬರಿದೇ ತಿರುಗುವಾಗ ಪ್ರತಿಯೊಂದು ಸಿಲಿಂಡರೂ ಗಾಳಿಯನ್ನು ಒತ್ತುವ ಸದ್ದು ಬೇರೆಯಾಗಿ ಕೇಳುತ್ತದೆ. ಒಂದರಲ್ಲಿ ಬಿಗಿ ತಪ್ಪಿದ್ದರೆ ತಾಳ ತಪ್ಪುತ್ತದೆ. ‘ನಾಲ್ಕೂ ಸಮ ಉಸಿರಾಡ್ತಾವೆ. ತಿರುಗೋದಕ್ಕೆ ಬಿಗಿಯೂ ಇದೆ. ಬೋರು ಹೋಗಿಲ್ಲ’ ಎಂದರು. ಶಿಷ್ಯನ ಮುಖ ನೋಡಬೇಕಿತ್ತು.

ಈಗ ಎಂಜಿನ್ನನ್ನು ಎಬ್ಬಿಸಿದರು. ಅದೇ ನಡುಕ, ಅದೇ ಬಿಳಿಯ ಹೊಗೆ. ಕೊಳವೆಯ ಮುಂದೆ ಒಂದು ಕಾಗದ ಹಿಡಿದರು. ನೀರಿನ ಹನಿಯಲ್ಲ, ಎಣ್ಣೆಯ ಪಸೆ ಕೂತಿತು. ಹಬೆಯಾಗಿದ್ದರೆ ಗಾಳಿಯಲ್ಲಿ ಬೇಗ ಕರಗುತ್ತಿತ್ತು, ಕಣ್ಣಿಗೆ ಉರಿಯಾಗುತ್ತಿರಲಿಲ್ಲ. ಇದು ಉರಿಯದ ಡೀಸೆಲ್ಲು. ಯಾವ ಸಿಲಿಂಡರಿನದು? ಸ್ಪ್ಯಾನರು ತೆಗೆದುಕೊಂಡು ಪಂಪಿನಿಂದ ನಾಜಲ್ಲಿಗೆ ಹೋಗುವ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿದರು. ಮೊದಲನೆಯದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಕುಂದಿತು; ಅಂದರೆ ಆ ಸಿಲಿಂಡರು ದುಡಿಯುತ್ತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಸದ್ದು ಬದಲಾಗಲೇ ಇಲ್ಲ; ಹೊಗೆ ಮಾತ್ರ ಕಡಿಮೆಯಾಯಿತು. ಇದ್ದಾಗ ಏನು, ಇಲ್ಲದಾಗ ಏನು ಎಂದು ಹೋಲಿಸಿ ಕಾರಣವನ್ನು ಹಿಡಿಯುವುದಕ್ಕೆ ತಾರ್ಕಿಕರು ಅನ್ವಯ, ವ್ಯತಿರೇಕ ಎಂಬ ದೊಡ್ಡ ಹೆಸರುಗಳನ್ನಿಟ್ಟಿದ್ದಾರೆ. ಸಾಬರು ಅದನ್ನು ಹದಿನೇಳರ ಸ್ಪ್ಯಾನರಿನಿಂದ ಮಾಡಿದರು.

ಮೂರನೆಯ ನಾಜಲ್ಲನ್ನು ಹೊರಗೆ ತೆಗೆದು, ಪಂಪು ರಿಪೇರಿಯ ಅಂಗಡಿಯಲ್ಲಿ ಪರೀಕ್ಷೆಯ ಯಂತ್ರಕ್ಕೆ ಹಾಕಿಸಿದಾಗ ಎಲ್ಲ ಸ್ಪಷ್ಟವಾಯಿತು. ಮಂಜನ್ನು ಊದಬೇಕಾದದ್ದು ಎಳೆಯ ಮಗುವಿನಂತೆ ಜೊಲ್ಲು ಸುರಿಸುತ್ತಿತ್ತು. ತಣ್ಣನೆಯ ಸಿಲಿಂಡರಿನಲ್ಲಿ ಆ ಹನಿಗಳು ಹೊತ್ತದೆ ಹೊಗೆಯಾಗಿ ಹೋಗುತ್ತಿದ್ದವು. ಉಳಿದವು ಗೋಡೆಯ ಮೇಲಿಂದ ಇಳಿದು ಆಯಿಲಿಗೆ ಬೆರೆಯುತ್ತಿದ್ದವು. ಎಂಜಿನ್ನು ಕಾದ ಮೇಲೆ ಹನಿಯೂ ಹೇಗೋ ಉರಿದು ರೋಗ ಮರೆಯಾಗುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ತೆಳುವಾದ ಆಯಿಲಿನಿಂದ ಬೇರಿಂಗುಗಳು ಸವೆದು, ಆ ಮೆಕ್ಯಾನಿಕ್ಕಿನ ಮಾತು ಒಂದು ದಿನ ನಿಜವೇ ಆಗುತ್ತಿತ್ತು. ಹೊಸ ನಾಜಲ್ಲು ಹಾಕಿಸಿ ಆಯಿಲ್ ಬದಲಾಯಿಸಿದ ಖರ್ಚು, ಎಂಜಿನ್ನು ಬಿಚ್ಚಲು ಕೇಳಿದ್ದರ ಇಪ್ಪತ್ತನೆಯ ಒಂದು ಪಾಲೂ ಆಗಲಿಲ್ಲ. ಮರುದಿನ ಬೆಳಗ್ಗೆ ಎಂಜಿನ್ನು ಎರಡೇ ಸುತ್ತಿಗೆ ಎದ್ದು ನಿಂತಿತು.

ಹೊಗೆಗೆ ಬಿಳಿ ಒಂದೇ ಬಣ್ಣವಲ್ಲ. ನೀಲಿಯಾಗಿದ್ದರೆ ಉರಿಯುತ್ತಿರುವುದು ಎಂಜಿನ್ ಆಯಿಲು. ರಾತ್ರಿಯೆಲ್ಲ ನಿಂತ ಗಾಡಿ ಎದ್ದೊಡನೆ ಒಂದು ಮೋಡ ನೀಲಿ ಬಿಟ್ಟು ತಿಳಿಯಾದರೆ, ವಾಲ್ವಿನ ಕಡೆಯಿಂದ ಆಯಿಲು ಇಳಿದು ಒಳಗೆ ಕೂತಿದೆಯೆಂದು ಸಂದೇಹಿಸಬೇಕು. ದಿನವಿಡೀ ನೀಲಿಯಾದರೆ, ಬ್ರೀದರಿನಿಂದಲೂ ಹೊಗೆ ತಳ್ಳುತ್ತಿದ್ದರೆ, ರಿಂಗು, ಬೋರುಗಳ ಸವೆತ. ಆಗ ಎಂಜಿನ್ನು ಬಿಚ್ಚುವ ಮಾತನ್ನು ಕೇಳಲೇಬೇಕು. ಕಪ್ಪಾಗಿದ್ದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಮಳೆ ಕಾಣದ ಪಾವಗಡದ ಕೆಂಧೂಳಿಯಲ್ಲಿ ಉತ್ತ ಟ್ರ್ಯಾಕ್ಟರಿನ ಏರ್ ಕ್ಲೀನರನ್ನು ತೊಳೆದರೇ ಎಷ್ಟೋ ಕಪ್ಪು ಹೊಗೆ ಬಿಳುಪಾಗದೆ ಮಾಯವಾಗುತ್ತದೆ. ಬಿಳಿಯ ಹೊಗೆ ಎಂಜಿನ್ನು ಕಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರು ದಿನವೂ ಇಳಿಯುತ್ತ, ಅದರಲ್ಲಿ ಗುಳ್ಳೆಯೇಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು ಒಡೆದಿರಬಹುದು. ಕೆಲವು ಹಳೆಯ ಜೀಪು, ಕಾರುಗಳಿಗೆ ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್ಗು ಇರುತ್ತದೆ. ಅದರಲ್ಲಿ ಒಂದು ಸುಟ್ಟರೂ ಬೆಳಗಿನ ನಡುಕ ಇದೇ ರೀತಿ ಬರುತ್ತದೆ. ಆಗ ನಾಜಲ್ಲಿಗೆ ಕೈಹಾಕುವ ಮೊದಲು ಪ್ಲಗ್ಗನ್ನು ನೋಡಬೇಕು.

ಇದನ್ನು ಕೇಳಿ ಯಾರಾದರೂ ನಾಳೆಯೇ ಸ್ಪ್ಯಾನರು ಹಿಡಿಯುವುದಾದರೆ ಮೂರು ಎಚ್ಚರಿಕೆಯ ಮಾತು ಹೇಳಿಬಿಡುತ್ತೇನೆ. ನಟ್ಟನ್ನು ಸಡಿಲಿಸುವ ಪರೀಕ್ಷೆ ಹಳೆಯ ಪಂಪಿನ ಎಂಜಿನ್ನಿಗೆ ಮಾತ್ರ, ಅದೂ ಬಲ್ಲವರ ಕೈಯಲ್ಲಿ. ಈಗಿನ ಕಾಮನ್ ರೇಲ್ ಎಂಜಿನ್ನುಗಳ ಕೊಳವೆಯಲ್ಲಿ ಒತ್ತಡ ವಾಯುಭಾರದ 1,500 ಪಟ್ಟನ್ನು ಮೀರುವುದುಂಟು. ಅವನ್ನು ಕಂಪ್ಯೂಟರ್ ಸ್ಕ್ಯಾನರಿನಿಂದಲೇ ನೋಡಬೇಕು. ಹಳೆಯ ನಾಜಲ್ಲಿನ ಚಿಮ್ಮಿಗೂ ಚರ್ಮವನ್ನು ತೂರುವ ಬಲವಿದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡನೆಯದು, ಏಳದ ಎಂಜಿನ್ನಿನ ಗಾಳಿಬಾಯಿಗೆ ಉರಿಯುವ ಬಟ್ಟೆ ಹಿಡಿಯುವ, ಪೆಟ್ರೋಲು ನೆನೆಸಿದ ಅರಿವೆ ಒಡ್ಡುವ ಸಾಹಸ ಬೇಡ. ಮೂರನೆಯದು ಹೊಗೆಯ ಮಾತೇ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ತೀರ್ಮಾನಿಸಿತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನು ಎಬ್ಬಿಸಬೇಡಿ. ಹೊಗೆಯ ಸುತ್ತ ಮಕ್ಕಳು ನೆರೆಯಲು ಬಿಡಬೇಡಿ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಶಿಷ್ಯ ಒಂದು ದಿನ ಬಂದು ಕೇಳಿದ: ‘ಮಾರಿದವರಿಗೆ ಈ ವಿಷಯ ಹೇಳಬೇಕೇ ಮೇಷ್ಟ್ರೇ?’ ಬಿಸಿಮಾಡಿ ಮೋಸಗೊಳಿಸಿದವನಿಗೆ ಹೇಳುವುದೇನು ಎಂದು ನನ್ನ ಮನಸ್ಸು. ಸಾಬರನ್ನು ಕೇಳಿದಾಗ ಅವರು, ‘ಹೇಳಿಬಿಡಿ. ಮುಂದಿನ ಗಾಡಿಯಾದರೂ ಉಳಿದೀತು’ ಎಂದರು. ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೋದವನು ಹಾಗೆಯೇ ಆ ಹಳ್ಳಿಗೂ ಹೋಗಿ ಹೇಳಿಬಂದ. ಆ ಮನುಷ್ಯ ಬಹಳ ಹೊತ್ತು ಸುಮ್ಮನಿದ್ದನಂತೆ. ಅವನಿಗೂ ಯಾರೋ ಎಂಜಿನ್ನು ಸತ್ತಿದೆಯೆಂದೇ ಹೇಳಿದ್ದರು. ಬಿಚ್ಚಿಸಲು ಹಣವಿಲ್ಲದೆ, ಸಿಕ್ಕ ಬೆಲೆಗೆ ಮಾರಿದ್ದ. ನಾವು ಬರುವ ದಿನ ಎರಡು ಗಂಟೆ ಮೊದಲೇ ಓಡಿಸಿ ಬಿಸಿಮಾಡಿಟ್ಟಿದ್ದ. ಅವನು ನಮ್ಮಿಂದ ಮುಚ್ಚಿಟ್ಟದ್ದು ಒಂದು ನಾಜಲ್ಲಿನ ದೋಷ. ಮುಚ್ಚಿಡುತ್ತಿದ್ದೇನೆಂದು ಅವನು ನಂಬಿದ್ದು ಒಂದು ಹೆಣ. ‘ತಣ್ಣಗಿದ್ದಾಗಲೇ ನಾಲ್ಕು ಜನಕ್ಕೆ ತೋರಿಸಿದ್ದರೆ ಯಾರಾದರೂ ಹೇಳುತ್ತಿದ್ದರೇನೋ’ ಎಂದು ಕಾಫಿ ಕೊಟ್ಟು ಕಳಿಸಿದನಂತೆ.

ಅದೇ ಪಾವಗಡದ ತಿರುಮಣಿಯ ಸುತ್ತ 2019ರ ಹೊತ್ತಿಗೆ ಪೂರ್ಣವಾದ 2,050 ಮೆಗಾವಾಟಿನ ಸೌರ ಉದ್ಯಾನದಲ್ಲಿ, ಸೂರ್ಯ ಮೂಡುತ್ತಲೇ ಸದ್ದಿಲ್ಲದೆ, ಹೊಗೆಯಿಲ್ಲದೆ ವಿದ್ಯುತ್ತು ಹುಟ್ಟುತ್ತದೆ. ಟ್ರ್ಯಾಕ್ಟರುಗಳೆಲ್ಲ ಹಾಗೆ ಎಚ್ಚರಗೊಳ್ಳುವ ಕಾಲವೂ ಬಂದೀತು. ಅಲ್ಲಿಯವರೆಗೆ ನಮ್ಮ ಹಿತ್ತಿಲುಗಳಲ್ಲಿ ಬೆಳಗಿನ ಹೊಗೆ ಏಳುತ್ತಲೇ ಇರುತ್ತದೆ. ಹಳೆಯ ಗಾಡಿ ಕೊಳ್ಳಲು ಹೋದಾಗ ನಾನೀಗ ಮೊದಲು ಎಂಜಿನ್ನಿನ ಮೇಲೆ ಅಂಗೈಯಿಡುತ್ತೇನೆ. ಬೆಚ್ಚಗಿದ್ದರೆ, ಜಗಳವಾಡದೆ, ‘ನಾಳೆ ಬೆಳಗ್ಗೆ ಬರುತ್ತೇವೆ’ ಎಂದು ಹೇಳಿ ಹಿಂತಿರುಗುತ್ತೇನೆ.

(ಬಾನುಲಿ ಭಾಷಣ)